ಮುರಿಯುವ ಮೊದಲೇ ಬರುವ ಪುಷ್ಪಮ್ಮ

ಬೆಳಿಗ್ಗೆ ಆರೂವರೆ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕೋಟೆಯಿಂದ ಒಂದು ಮೈಲಿ ಆಚೆಗಿರುವ ವಾಸಪ್ಪನವರ ಮನೆಗೆ ಪುಷ್ಪಮ್ಮ ಹೊಸನಗರದ ಮೊದಲ ಬಸ್ಸಿನಲ್ಲಿ ಬಂದಿಳಿದಿದ್ದಾರೆ. ಬಂದವರಿಗೆ ಬೆಲ್ಲ, ನೀರು ಕೊಡುವುದು ಈ ಕಡೆಯ ಪದ್ಧತಿ. ವಾಸಪ್ಪನವರ ಹೆಂಡತಿ ಜ್ಯೋತಿಲಕ್ಷ್ಮಿ ತಟ್ಟೆ ಹಿಡಿದು ಬರುತ್ತಾರೆ. ಪುಷ್ಪಮ್ಮ ಕೈ ಅಡ್ಡ ಮಾಡುತ್ತಾರೆ.

"ಅದೆಲ್ಲ ಆಮೇಲೆ ಮಾರಾಯ್ರೆ. ಅವ್ರು ಮಂಚದಿಂದ ಇಳಿದ್ರಾ? ಇಲ್ಲ ತಾನೆ? ಬಚಾವಾದೆ!"

ಮಂಚದ ಮೇಲಿರುವ ವಾಸಪ್ಪ ಹನ್ನೆರಡು ವರ್ಷದ ಹಿಂದೆ ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ದಿನಾ ಬೆಳಿಗ್ಗೆ ತಮ್ಮ ದಿನೇಶ್ ಅವರನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸುತ್ತಾರೆ. ಪುಷ್ಪಮ್ಮ ಇಷ್ಟು ದೂರ ಬಂದಿರುವುದು ಆ ಅರ್ಧ ನಿಮಿಷ ನೋಡುವುದಕ್ಕೆ. ಮೂಲೆಯ ಸ್ಟೂಲಿನ ಮೇಲೆ ಕೂತು "ನಾನಿಲ್ಲಿ ಇಲ್ಲ ಅಂತ ತಿಳ್ಕಳಿ" ಅನ್ನುತ್ತಾರೆ. ದಿನೇಶ್ ಅಣ್ಣನ ಕಂಕುಳಿಗೆ ಕೈ ಹಾಕಿ ಎತ್ತಿ, ಕುರ್ಚಿಯ ಕಡೆ ತಿರುಗಬೇಕು, ಅಷ್ಟರಲ್ಲಿ ಇಲ್ಲದ ಪುಷ್ಪಮ್ಮ ಕೂಗುತ್ತಾರೆ: "ನಿಲ್ಲಿ! ಕಾಲು ಬಿಟ್ಟೇ ಹೊರಟ್ರಲ್ಲ!"

ನೋಡಿದರೆ ವಾಸಪ್ಪನವರ ಎಡಪಾದ ಕಂಬಳಿಗೆ ಸಿಕ್ಕಿಕೊಂಡಿದೆ. ಮೈ ಒಂದು ಕಡೆ, ಪಾದ ಇನ್ನೊಂದು ಕಡೆ. ವಾಸಪ್ಪನವರಿಗೆ ಅದು ಗೊತ್ತೇ ಆಗಿಲ್ಲ. ನಿಮಗೋ ನನಗೋ ಆಗಿದ್ದರೆ ಅಯ್ಯೋ ಎನ್ನುತ್ತಿದ್ದೆವು.

ಬೆನ್ನುಹುರಿಗೆ ಪೆಟ್ಟಾದವರ ಕಾಲು ಭಾರ ಹೊರುವುದು ನಿಂತುಹೋಗುತ್ತದೆ. ಭಾರ ಹೊರದ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಅದರಲ್ಲೂ ಮೊಣಕಾಲಿನ ಹತ್ತಿರ. ಆಮೇಲೆ ಮುರಿಯಲು ಬೀಳಲೇಬೇಕೆಂದಿಲ್ಲ, ಹೀಗೊಂದು ತಿರುಚು ಸಾಕು. "ಗೆದ್ದಲು ತಿಂದ ಕಂಬ ನೋಡಿದೀರಲ್ಲ, ಹೊರಗಿಂದ ಗಟ್ಟಿನೇ ಕಾಣ್ತದೆ" ಎಂದು ಪುಷ್ಪಮ್ಮ, ಅವರ ಕೆಲಸ ನೋಡಲು ಜೊತೆಗೆ ಬಂದಿದ್ದ ನನ್ನ ಕಡೆ ತಿರುಗಿ ಪಾಠ ಮಾಡುತ್ತಾರೆ. ಯಾವ ಕಂಬಕ್ಕೆ ಗೆದ್ದಲು ಹಿಡಿದಿದೆ ಎಂದು ಮೊದಲೇ ಹೇಳುವುದೇ ಅವರ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲ್ಲೂಕು ಸೇರಿ ನಲವತ್ಮೂರು ಜನ ಅವರ ಪಟ್ಟಿಯಲ್ಲಿದ್ದಾರೆ. ದಿನಕ್ಕೆ ಎರಡು ಮನೆ, ನಾಲ್ಕು ಬಸ್ಸು.

ನಲವತ್ತಾರರ ಪುಷ್ಪಮ್ಮ ಹುಟ್ಟಿದ್ದು ಬ್ಯಾಕೋಡಿನಲ್ಲಿ, ಓದಿದ್ದು ಎಸ್ಸೆಸ್ಸೆಲ್ಸಿ. ಗಂಡ ಗೋಪಾಲಪ್ಪನವರದು ಹೊಸನಗರದಲ್ಲಿ ಪಂಕ್ಚರ್ ಅಂಗಡಿ. ಅಲ್ಲಿಗೆ ಗಾಲಿಕುರ್ಚಿಗಳೂ ರಿಪೇರಿಗೆ ಬರುತ್ತಿದ್ದವು. "ಇವ್ರು ಟೈರ್ ನೋಡ್ತಿದ್ರು, ನಾನು ಕೂತೋರ ಹತ್ರ ಮಾತಾಡ್ತಿದ್ದೆ. ಮಾತು ಜಾಸ್ತಿ ಅಂತ ಬೈಸ್ಕಂಡಿದ್ದೂ ಆಯ್ತು, ಅದರಿಂದನೇ ಕೆಲ್ಸ ಸಿಕ್ಕಿದ್ದೂ ಆಯ್ತು." ಅಂಗವಿಕಲರ ಪುನರ್ವಸತಿಗೆ ದುಡಿಯುವ ಸಣ್ಣ ಸಂಸ್ಥೆಯೊಂದು ಅವರನ್ನು ಕ್ಷೇತ್ರ ಕಾರ್ಯಕರ್ತೆಯಾಗಿ ಸೇರಿಸಿಕೊಂಡು ಎಂಟು ವರ್ಷವಾಯಿತು.

ಮೊದಲ ವರ್ಷವೇ ಅವರು ಒಂದು ದೊಡ್ಡ ತಪ್ಪು ಮಾಡಿದರು. ಅದನ್ನು ಅವರೇ ಹೇಳುತ್ತಾರೆ, ಮುಚ್ಚಿಡುವುದಿಲ್ಲ. ತುಮರಿ ಕಡೆಯ ಧರ್ಮಪ್ಪ ಎಂಬವರಿಗೆ ಮರದಿಂದ ಬಿದ್ದು ಕಾಲುಗಳ ಸ್ವಾಧೀನ ಹೋಗಿತ್ತು. ಐದು ವರ್ಷ ತಣ್ಣಗಿದ್ದ ಬಲಗಾಲು ಒಂದು ದಿನ ಬಿಸಿಯಾಯಿತು. ಮೊಣಕಾಲು ಊದಿಕೊಂಡು ಕೆಂಪಗಾಯಿತು. ನೋವು ಮಾತ್ರ ಇಲ್ಲ. ಕಾಲಿಗೆ ಜೀವ ಬಂತು ಎಂದು ಅವರ ತಾಯಿ ವೆಂಕಮ್ಮ ದೇವರಿಗೆ ದೀಪ ಹಚ್ಚಿ, ಪಾಯಸ ಮಾಡಿ ನೆರೆಯ ನಾಲ್ಕು ಮನೆಗೆ ಹಂಚಿದರು. ಬಂದ ಜೀವ ಮತ್ತೆ ಹೋಗದಿರಲಿ ಎಂದು ದಿನಾ ಎಣ್ಣೆ ತಿಕ್ಕಿ, ಆ ಕಾಲನ್ನು ಮಡಚಿ ಬಿಡಿಸಿದರು.

"ಆ ಪಾಯಸ ನಾನೂ ತಿಂದೆ. ಎರಡನೇ ಸಲ ಹಾಕಿಸ್ಕಂಡು ತಿಂದೆ. ಮೂರು ವಾರ ಆದ್ಮೇಲೆ ಎಕ್ಸ್‌ರೇ ತೆಗೆಸಿದ್ರೆ ಮೂಳೆ ಮುರಿದಿತ್ತು. ಆ ಮುರಿದ ಮೂಳೆನೇ ನಾವು ದಿನಾ ತಿಕ್ಕಿಸಿದ್ದು. ವೆಂಕಮ್ಮಂಗೆ ಎಂತ ಅಂತ ಹೇಳೂದು? ನಂಗೂ ಗೊತ್ತಿರ್ಲಿಲ್ಲ ಅಂತ ಅಳ್ತಾ ಹೇಳ್ದೆ." ಇದನ್ನು ಹೇಳುವಾಗ ಮಾತ್ರ ಪುಷ್ಪಮ್ಮನ ನಗು ನಿಲ್ಲುತ್ತದೆ.

ಮುಂದೆ ತರಬೇತಿಗೆ ಹೋದಾಗ ವೈದ್ಯರೊಬ್ಬರು ಮೂಳೆ ಮುರಿಯುವ ಸಾಧ್ಯತೆ ಅಂದಾಜು ಮಾಡುವ ಪ್ರಶ್ನೆಗಳ ಪಟ್ಟಿ ಕೊಟ್ಟರು. ಪೆಟ್ಟಾಗಿ ಎಷ್ಟು ವರ್ಷವಾಯಿತು, ಹಿಂದೆ ಯಾವುದಾದರೂ ಮೂಳೆ ಮುರಿದಿತ್ತೇ, ಮೂರ್ಛೆರೋಗದ ಮಾತ್ರೆ ಉಂಟೇ, ತೂಕ ಎಷ್ಟು, ಕುಡಿತ ಎಷ್ಟು, ಹೀಗೆ. ಪುಷ್ಪಮ್ಮ ಅದನ್ನು ನಮ್ಮೂರಿಗೆ ಒಗ್ಗಿಸಿಕೊಂಡಿದ್ದಾರೆ. ವಂಶದಲ್ಲಿ ಮೂಳೆ ಸವೆತವಿದೆಯೇ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. "ನಿಮ್ಮ ಅಮ್ಮ, ಅಜ್ಜಿ ಯಾರಾರೂ ಬಚ್ಚಲಲ್ಲಿ ಜಾರಿ ಸೊಂಟ ಮುರ್ಕಂಡಿದ್ರಾ?" ಎಂದರೆ ಮೂರು ತಲೆಮಾರಿನ ಕಥೆ ಹೊರಬರುತ್ತದೆ. ಕುಡಿತದ ಪ್ರಶ್ನೆಯನ್ನು ಗಂಡಸರಿಗೆ ಕೇಳುವುದೇ ಇಲ್ಲ, ಹೆಂಡತಿಗೆ ಕೇಳುತ್ತಾರೆ.

ಅಪಾಯ ಹೆಚ್ಚಿರುವವರ ಮಂಚಕ್ಕೆ ಹಣೆಗಿಡುವ ಕೆಂಪು ಸ್ಟಿಕ್ಕರ್ ಅಂಟಿಸುತ್ತಾರೆ, ಎತ್ತುವವರ ಕಣ್ಣಿಗೆ ಬೀಳಲಿ ಎಂದು. ಅವರನ್ನು ಮೂಳೆಯ ಸಾಂದ್ರತೆ ಪರೀಕ್ಷೆಗೆ ಕಳಿಸುವುದು, ಮಾತ್ರೆ ನೆನಪಿಸುವುದು ಆಮೇಲಿನ ಕೆಲಸ. ಹದಿನೇಳು ಮಂಚಗಳಿಗೆ ಕುಂಕುಮಭಾಗ್ಯ ಬಂದಿದೆ. ಹೋದ ವರ್ಷ ಇಡೀ ಪಟ್ಟಿಯಲ್ಲಿ ಆರು ಮೂಳೆ ಮುರಿದಿದ್ದವು, ಈ ವರ್ಷ ಇದುವರೆಗೆ ಒಂದು. "ಮುರಿದ ಮೂಳೆ ಕೂರಿಸಿದ ಡಾಕ್ಟ್ರಿಗೆ ಹಣ್ಣು ತಗಂಡು ಹೋಗ್ತಾರೆ. ಮುರಿಯದೇ ಇದ್ದಿದ್ದಕ್ಕೆ ಯಾರು ಹಣ್ಣು ಕೊಡ್ತಾರೆ ಹೇಳಿ?"

ವಾಸಪ್ಪನವರ ಮಂಚಕ್ಕೂ ಸ್ಟಿಕ್ಕರ್ ಇದೆ. ಆದರೆ ಅವರದು ಬೇರೆಯೇ ಹಟ. ಇನ್ನು ಒಂಬತ್ತು ದಿನಕ್ಕೆ ಮಗಳು ರಕ್ಷಾಳ ಮದುವೆ. "ನಮ್ಮ ಮನೇಲಿ ಯಾರೂ ಕೂತು ಧಾರೆ ಎರೆದಿದ್ದಿಲ್ಲ. ಒಬ್ಬಳೇ ಮಗಳು. ದಿನೇಶ ಮತ್ತೊಬ್ರು ಕಂಕುಳಿಗೆ ಕೈ ಕೊಡ್ತಾರೆ, ಐದು ನಿಮಿಷ ನಿಲ್ತೀನಿ" ಎನ್ನುತ್ತಾರೆ.

ಪುಷ್ಪಮ್ಮ ಬೇಡ ಎನ್ನುವುದಿಲ್ಲ. "ನಿಂತ್ರೆ ಮುರಿದೇ ಮುರೀತದೆ ಅಂತ ನಾ ಹೇಳಲ್ಲ, ನಾನೇನು ಶಾಸ್ತ್ರ ಹೇಳೋಳಲ್ಲ. ಹನ್ನೆರಡು ವರ್ಷ ಆಯ್ತು, ಹಿಮ್ಮಡಿ ಹತ್ರ ಒಂದ್ಸಲ ಮುರಿದಿದೆ, ತೂಕ ಇಲ್ಲ. ನಲವತ್ಮೂರು ಜನದಲ್ಲಿ ನನಗೆ ಹೆದರಿಕೆ ಇರೋ ಕಾಲು ನಿಮ್ಮದೇ" ಎನ್ನುತ್ತಾರೆ. ವಾಸಪ್ಪ ಗೋಡೆ ನೋಡುತ್ತಾರೆ. ಆಗ ಬಾಗಿಲಲ್ಲಿದ್ದ ರಕ್ಷಾ ಬಾಯಿ ಬಿಡುತ್ತಾಳೆ: "ಅಪ್ಪ, ನೀನು ಕಾಲು ಮುರ್ಕಂಡ್ರೆ ನಾನು ಗಂಡನ ಮನೆಗೆ ಹೋಗೂದಾ, ಆಸ್ಪತ್ರೆಗಾ? ನಾನು, ಮದುಮಗ ಇಬ್ರೂ ಮಣೆ ಮೇಲೆ ಕೂರ್ತೀವಿ. ನೀನು ಕುರ್ಚಿಯಿಂದನೇ ಎರಿ."

ಬೀಗರು ಒಪ್ಪಬೇಕಲ್ಲ? ಗಂಡಿನ ಕಡೆಯ ಹಿರಿಯರು ತೀರ್ಥಹಳ್ಳಿಯ ಹೂವಯ್ಯ, ವರನ ಅಜ್ಜ, ಎಂಬತ್ನಾಲ್ಕು ವರ್ಷ. ಶಾಸ್ತ್ರ ತಪ್ಪಿದರೆ ಊಟ ಬಿಟ್ಟು ಏಳುವವರೆಂದು ಹೆಸರು. ಅವರಿಗೆ ಫೋನ್ ಮಾಡಲು ಮನೆಯವರೆಲ್ಲ ಹಿಂಜರಿಯುತ್ತಾರೆ. ಪುಷ್ಪಮ್ಮ ತಾವೇ ಮಾಡಿ, ಸ್ಪೀಕರ್ ಹಾಕಿ, ಗೆದ್ದಲಿನ ಕಂಬದಿಂದ ಶುರುಮಾಡಿ ಎಲ್ಲ ಹೇಳುತ್ತಾರೆ.

"ಕೂತು ಮಾಡ್ಬೌದಾ?" ಎಂದು ಹೂವಯ್ಯ ಕೇಳುತ್ತಾರೆ. "ಇದನ್ನ ಮೊದ್ಲೇ ಹೇಳೋದಲ್ವಾ! ನಂಗೂ ಮಂಡಿ ನೋವು. ನಂಗೊಂದು ಕುರ್ಚಿ ಹಾಕ್ಸಿ."

ಮದುವೆಗೆ ನಾನೂ ಹೋಗಿದ್ದೇನೆ. ಮಂಟಪದಲ್ಲಿ ವಧೂವರರು ಮಣೆಯ ಮೇಲೆ, ವಾಸಪ್ಪ ಗಾಲಿಕುರ್ಚಿಯಲ್ಲಿ, ಪಕ್ಕದಲ್ಲಿ ಜ್ಯೋತಿಲಕ್ಷ್ಮಿ. ಹೂವಯ್ಯನವರು ಎದುರಿಗೆ ಕುರ್ಚಿಯಲ್ಲಿ ರಾಜನಂತೆ ಕೂತಿದ್ದಾರೆ. ಗಂಡ ಹೆಂಡತಿ ಸೇರಿ ತಂಬಿಗೆ ಬಗ್ಗಿಸುತ್ತಾರೆ. ಮಗಳ ಕೈಮೇಲೆ ನೀರು ಬೀಳುವ ಹೊತ್ತಿಗೆ ವಾಸಪ್ಪನವರ ಎರಡೂ ಕಾಲು ತಮ್ಮಷ್ಟಕ್ಕೆ ಸೆಟೆದು ಅದುರತೊಡಗುತ್ತವೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಇದು ಮಾಮೂಲು, ಆದರೆ ಪಾದ ಕುರ್ಚಿಯ ಕಾಲಿಡುವ ಹಲಗೆಯಿಂದ ಜಾರಿ ತಿರುಚಿದರೆ ಕೆಲಸ ಕೆಟ್ಟಿತು. ಯಾರೂ ಗಮನಿಸಿಲ್ಲ. ಪುಷ್ಪಮ್ಮ ಮಾತ್ರ ಹೊಸ ಸೀರೆಯಲ್ಲೇ ಕುರ್ಚಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಮೊಣಕಾಲನ್ನು ಮೆತ್ತಗೆ ಹಿಡಿದುಕೊಂಡಿದ್ದಾರೆ. ವಾಸಪ್ಪ ಒಂದು ಹನಿಯೂ ಚೆಲ್ಲದೆ ಧಾರೆ ಮುಗಿಸುತ್ತಾರೆ. ನನ್ನ ಕಣ್ಣು ಒದ್ದೆಯಾಗುತ್ತದೆ.

ಊಟದ ಪಂಕ್ತಿಯಲ್ಲಿ ಪುಷ್ಪಮ್ಮನ ಪಕ್ಕ ಕೂತು, ಅಪ್ಪ ಮಗಳ ಮುಖ ನೋಡಿ ನಿಮಗೂ ಅಳು ಬಂತೇ ಎಂದು ಕೇಳುತ್ತೇನೆ.

"ಮುಖ ಎಲ್ಲಿ ನೋಡ್ದೆ ಮಾರಾಯ್ರೆ!" ಎಂದು ಅವರು ನಗುತ್ತಾರೆ. "ಫೋಟೊ ಬಂದ್ಮೇಲೆ ನೋಡ್ತೀನಿ. ನಾನು ಆ ಎರಡು ಪಾದ ನೋಡ್ತಿದ್ದೆ. ಎರಡೂ ಇಟ್ಟಲ್ಲೇ ಇದ್ವು."