ಪಾಳಿಯಲ್ಲಿ ಏಳು ಲಗಮವ್ವ

ಘಟಪ್ರಭಾದ ಒಂದು ಸಣ್ಣ ಕಣ್ಣಿನ ದವಾಖಾನೆಗೆ ಪಾಳಿ ತೋರಿಸುವ ಆ್ಯಪ್ ಮಾಡಿಕೊಟ್ಟಿದ್ದೆ. ಕೌಂಟರಿನಲ್ಲಿ ಹೆಸರು ಸೇರಿಸಿದರೆ ಗೋಡೆಯ ಟಿವಿಯಲ್ಲಿ ತಾನಾಗಿಯೇ ಕಾಣಬೇಕು. ಮೊದಲ ದಿನ ನಾನೇ ಜಂಬದಿಂದ ಕೌಂಟರಿನಲ್ಲಿ ಕೂತೆ.

ಮುಂಚೆಯೇ ಫೋನಿನಲ್ಲಿ ಬರೆಸಿದವರ ಹೆಸರುಗಳೆಲ್ಲ ಟಿವಿಯಲ್ಲಿದ್ದವು. ಆಮೇಲೆ ಮೇಲವಂಕಿಯಿಂದ ಲಗಮವ್ವ ಎಂಬ ಅಜ್ಜಿ ಬಂದರು. ಅವರ ಹೆಸರು ಸೇರಿಸಿದೆ. ಟಿವಿಯಲ್ಲಿ ಬರಲಿಲ್ಲ.

"ನನ್ನ ಹೆಸರ ಎಲ್ಲೈತೋ ತಮ್ಮಾ?"

"ಐತ್ರಿ ಆಯಿ, ನಿಮಗ ಕಾಣವಲ್ದಷ್ಟ" ಎಂದುಬಿಟ್ಟೆ.

"ಮಂದೀದೆಲ್ಲಾ ಕಾಣಾಕತ್ತೈತಲ್ಲೋ!"

ನಾನು ಬೆವರುತ್ತ ಹೆಸರು ಸೇರಿಸುವ ಬಟನ್ ಒತ್ತುತ್ತಲೇ ಇದ್ದೆ. ಕೊನೆಗೆ ಆ್ಯಪ್ ಮುಚ್ಚಿ ತೆರೆದೆ. ಟಿವಿಯಲ್ಲಿ ಸಾಲಾಗಿ ಏಳು ಲಗಮವ್ವ! ಹಿಂದೆ ಕೂತವರೊಬ್ಬರು ಎದ್ದು ನಿಂತರು. "ಏನ್ರಿ, ಈ ಆಯಿಗೆ ಹದಿನಾಲ್ಕ ಕಣ್ಣ ಅದಾವೇನ್ರಿ?" ಎಲ್ಲರಿಗಿಂತ ಜೋರಾಗಿ ನಕ್ಕವರು ಲಗಮವ್ವನೇ.

ತಪ್ಪು ನನ್ನದೇ. ಪ್ರತಿ ಸಲವೂ ಹಳೆಯ ಪಟ್ಟಿಯೊಳಕ್ಕೇ ಹೆಸರು ತುರುಕುತ್ತಿದ್ದೆ. ಪರದೆಯ ಪಾಲಿಗೆ ಅದು ಅದೇ ಪಟ್ಟಿ. ಒಳಗೆ ಏನು ಕೂಡಿದೆ ಎಂದು ಪರದೆ ಇಣುಕಿ ನೋಡುವುದು ಆ್ಯಪ್ ಮತ್ತೆ ತೆರೆದಾಗ ಮಾತ್ರ. ಹೆಸರು ಕೂಡಿದಾಗಲೆಲ್ಲ ಹೊಸ ಪಟ್ಟಿಯನ್ನೇ ಮಾಡಿ ಪರದೆಗೆ ಕೊಡುವಂತೆ ಒಂದು ಸಾಲು ತಿದ್ದಿದೆ. ಪರೀಕ್ಷೆಗೆಂದು ನನ್ನ ಹೆಸರು ಹಾಕಿದೆ. ತಟ್ಟನೆ ಬಂತು! ಆ ಖುಷಿಯಲ್ಲಿ ಅದನ್ನು ಅಳಿಸುವುದನ್ನೇ ಮರೆತೆ.

ಸ್ವಲ್ಪ ಹೊತ್ತಿಗೆ ನರ್ಸ್ ನನ್ನ ಹೆಸರು ಕೂಗಿದರು. "ಒಳಗ ಬರ್ರಿ, ನಿಮ್ಮ ಪಾಳಿ."

ಒಂದೇ ದಿನ ಎರಡನೇ ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಗಿ ಸುಮ್ಮನೆ ಹೋಗಿ ಡಾಕ್ಟರ ಮುಂದೆ ಕೂತೆ. ಎರಡೂ ಕಣ್ಣಿಗೆ ಚಸ್ಮಾ ಬಂತು.