ಅತ್ತೆಯ ಮಣಿಕಟ್ಟು, ಕಬ್ಬಿಣದ ಕಾವಲಿ

ಮೊನ್ನೆ ಭಾನುವಾರ ಅಟ್ಟ ಗುಡಿಸುವಾಗ ನನ್ನ ಹಳೆಯ ನಾನ್‌ಸ್ಟಿಕ್ ತವಾ ಸಿಕ್ಕಿತು. ಮೇಲಿನ ಕಪ್ಪು ಲೇಪವೆಲ್ಲ ಚಕ್ಕೆ ಚಕ್ಕೆಯಾಗಿ ಎದ್ದಿತ್ತು, ಹಿಡಿ ಲೊಡಲೊಡ ಅನ್ನುತ್ತಿತ್ತು. ಗುಜರಿ ಚೀಲಕ್ಕೆ ಹಾಕುವ ಮೊದಲು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತೆ. ನಿಮಗೆ ಹೇಳಲು ನಾಚಿಕೆಯೇನು, ಒಂದು ಕಾಲಕ್ಕೆ ಈ ತವಾದ ಬಲದಿಂದ ನಾನೊಂದು ಅಡುಗೆಮನೆಯನ್ನೇ ಗೆದ್ದೆನೆಂದು ತಿಳಿದಿದ್ದೆ.

ನಾನು ಹಾಸನದವಳು, ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹಾಸನದ ಕಚೇರಿಗೆ ಹೋಗುತ್ತಿದ್ದುದರಿಂದ ಒಲೆ ಅತ್ತೆಯ ಕೈಯಲ್ಲೇ ಉಳಿಯಿತು. ಅವರ ದೋಸೆ ಕಾವಲಿ ಎರಕದ ಕಬ್ಬಿಣದ್ದು, ಭಾರವೆಂದರೆ ಭಾರ. ಅದನ್ನು ಸೋಪು ಹಾಕಿ ತೊಳೆದದ್ದನ್ನು ನಾನು ನೋಡಿರಲಿಲ್ಲ. ಬೆಚ್ಚಗಿರುವಾಗಲೇ ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಗೋಡೆಗೆ ಒರಗಿಸುತ್ತಿದ್ದರು. ತೊಳೆಯದ ಪಾತ್ರೆ ಎಂದು ನಾನು ಒಳಗೊಳಗೇ ಮೂಗು ಮುರಿಯುತ್ತಿದ್ದೆ. ನಾಲ್ಕು ದೋಸೆ ತಿನ್ನುತ್ತಲೂ ಇದ್ದೆ.

ಒಂದು ಮಳೆಗಾಲ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದರು. ಮರುದಿನವೇ ನಾನು ಹಾಸನದಿಂದ ಈ ತವಾ ತಂದೆ. ಒಂದು ಹನಿ ಎಣ್ಣೆಗೆ ದೋಸೆ ತಾನೇ ಎದ್ದು ಬರುತ್ತಿತ್ತು, ಸ್ಪಂಜಿನಿಂದ ಸವರಿದರೆ ಸಾಕು, ತೊಳೆದಂತೆಯೇ. ನನ್ನ ಗಂಡ ಹೊಗಳಿದ್ದೇ ಹೊಗಳಿದ್ದು. ಅತ್ತೆ ಮಾತ್ರ "ಮೆತ್ತಗದೆ ಕಣವ್ವ" ಎಂದಷ್ಟೇ ಹೇಳಿ ತಟ್ಟೆ ಸರಿಸಿದರು.

ಗೆದ್ದ ಹುಮ್ಮಸ್ಸಿನಲ್ಲಿ ಅವರ ಕಾವಲಿಯನ್ನೂ ಶುದ್ಧ ಮಾಡಿಬಿಡೋಣವೆಂದು ಸೋಪಿನ ನೀರಿನಲ್ಲಿ ನೆನೆಹಾಕಿದೆ. ಹಾಕಿ ಮರೆತೆ. ಮೂರನೇ ದಿನ ನೋಡಿದರೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

ಅತ್ತೆ ಬೈಯಲಿಲ್ಲ. ಎಡಗೈಯ ಬೆರಳನ್ನು ತುಕ್ಕಿನ ಮೇಲೆ ಆಡಿಸಿ, "ಓಗ್ಲಿ ಬುಡು. ಇನ್ನು ನನ್ ಕೈಲಿ ಇದ ಎತ್ತಕಾಯ್ತದಾ?" ಎಂದು ಒಳಗೆ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪ್ಲಾಸ್ಟರ್ ಬಿಚ್ಚಿದಾಗ ಕೈ ಮರದ ಹಾಗಿತ್ತು, ಲೋಟ ಹಿಡಿದರೂ ನಡುಗುತ್ತಿತ್ತು. ಆಸ್ಪತ್ರೆಯಲ್ಲಿ ಹಿಸುಕಲೆಂದು ರಬ್ಬರ್ ಚೆಂಡು ಕೊಟ್ಟರು. ಎರಡೇ ದಿನಕ್ಕೆ ಅದು ಮಂಚದಡಿ ಸೇರಿತು. "ಚೆಂಡಾಡೋ ವಯಸ್ಸಾ ನಂದು?" ಎಂದರು ಅತ್ತೆ.

ಆ ಸಂಜೆ ಕಾವಲಿಯನ್ನು ತಂದು ಅವರ ಮುಂದಿಟ್ಟೆ. "ಅತ್ತೆ, ಹಾಳು ಮಾಡಿದವಳು ನಾನು. ಸರಿ ಮಾಡೋದು ಹೇಳಿಕೊಡಿ."

ಅವರು ನನ್ನ ಮುಖವನ್ನೇ ನೋಡಿದರು. "ಉಣ್ಸೆಅಣ್ಣು ತಗಂಡ್ ಬಾ."

ಹುಣಿಸೆಹಣ್ಣು, ತೆಂಗಿನ ನಾರು ಹಿಡಿದು ಉಜ್ಜಿದೆ. ನನ್ನ ಉಜ್ಜುವಿಕೆ ಅವರಿಗೆ ಹಿಡಿಸಲಿಲ್ಲ. "ಅಂಗಲ್ಲ ಕಣವ್ವ, ಇಂಗೆ" ಎಂದು ನಾರು ಕಿತ್ತುಕೊಂಡರು, ಅದೂ ನಡುಗುವ ಬಲಗೈಯಿಂದಲೇ. ನಾನು ಕಾವಲಿ ಅಲ್ಲಾಡದಂತೆ ಹಿಡಿದುಕೊಂಡೆ.

ಆಮೇಲೆ ದಿನವೂ ಅದೇ ಕೆಲಸ. ಹರಳೆಣ್ಣೆ ಸವರುವುದು, ಹೊಗೆಯಾಡುವ ತನಕ ಕಾಯಿಸುವುದು, ಆರಿದ ಮೇಲೆ ಮತ್ತೆ ಸವರುವುದು. ಅತ್ತೆ ಮೊದಮೊದಲು ಎರಡೂ ಕೈ ಹಾಕಿ ಅಂಚನ್ನಷ್ಟೇ ಎತ್ತುತ್ತಿದ್ದರು. ಕೆಲವು ವಾರಗಳಲ್ಲಿ ಅದು ನೆಲದಿಂದ ಮಣೆಗೆ ಏರಿತು, ಮಣೆಯಿಂದ ಕಟ್ಟೆಗೆ. ಕೈಗೆ ವ್ಯಾಯಾಮ ಆಗುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಡಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದೆ. ಅಡುಗೆಮನೆಯಲ್ಲಿ ಕಾದ ಕಬ್ಬಿಣಕ್ಕೆ ನೀರು ಚಿಮುಕಿಸಿದ ಸದ್ದು ಕೇಳಿ ಓಡಿದೆ. ಕಾವಲಿ ಒಲೆಯ ಮೇಲಿತ್ತು. ಮನೆಯಲ್ಲಿ ಇನ್ನಾರೂ ಎದ್ದಿರಲಿಲ್ಲ. ಅತ್ತೆ ಅರ್ಧ ಈರುಳ್ಳಿಯಿಂದ ಎಣ್ಣೆ ಉಜ್ಜಿ ಹಿಟ್ಟು ಹುಯ್ದರು. ಅಂಚು ಕೆಂಪಾಗುವವರೆಗೆ ಕಾದು ದೋಸೆಯಡಿಗೆ ಮಗುಚುವ ಕೈ ತೂರಿಸಿದರು. ದೋಸೆ ಎಲ್ಲೂ ಹರಿಯದೆ ಇಡಿಯಾಗಿ ಎದ್ದು ಬಂತು.

"ಒಂದೇ ಕೈಲಿ ಎತ್ದೆ ಕಣವ್ವ," ಎಂದರು. ದನಿ ತಗ್ಗಿಸಿಯೇ ಹೇಳಿದರು, ಆದರೆ ಮುಖ ಬೆಳಗುತ್ತಿತ್ತು. ಆವತ್ತು ನಾನು ಏಳು ದೋಸೆ ತಿಂದು ಬಸ್ಸು ತಪ್ಪಿಸಿಕೊಂಡೆ.

ಇವತ್ತು ಅರಕಲಗೂಡಿನಿಂದ ನಾದಿನಿ ಬಂದಿದ್ದಾಳೆ. ಬೆಳಿಗ್ಗೆ ಕಾವಲಿ ನೋಡಿದವಳೇ, "ಅವ್ವ, ಇದ ನಾನು ತಗಂಡೋಗ್ಲಾ?" ಎಂದಳು.

ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ನನ್ನ ಯಾಕ್ ಕೇಳೀಯೆ? ನಿಮ್ಮತ್ತಿಗೇನ ಕೇಳು. ಅದೀಗ ಅವಳ್ದು."

ನಾದಿನಿ ನನ್ನ ಕಡೆ ತಿರುಗಿದಳು. ನಾನು ಉತ್ತರಕ್ಕೆ ಮೊದಲು ಕಾವಲಿಯನ್ನು ಎತ್ತಿಕೊಂಡು ನಿಧಾನವಾಗಿ ಎಣ್ಣೆ ಸವರಿದೆ. ಇಷ್ಟು ವರ್ಷಕ್ಕೆ ಬಂದ ಅಧಿಕಾರ, ಒಂದು ನಿಮಿಷವಾದರೂ ಅನುಭವಿಸಬೇಕಲ್ಲ.