ಹಾಲು ಬಿಡಿಸಿದ ದಿನ

ನನ್ನ ಮಗಳಿಗೆ ನಾನು ಹೇಳಿದ ಮೊದಲ ಸುಳ್ಳು ನನ್ನ ಎದೆಯ ಬಗ್ಗೆಯೇ. ಆಗ ಅವಳಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ.

ನನ್ನ ತವರು ಕಮಲಾಪುರ. ಅಲ್ಲಿ ಆ ವಯಸ್ಸಿನ ಮಗು ಎದೆಹಾಲು ಕುಡಿಯುವುದು ಒಂದು ಸುದ್ದಿಯೇ ಅಲ್ಲ. ಹೆಂಗಸರು ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಕೂತಿದ್ದರೆ, ಆಡುತ್ತಿದ್ದ ಮಗು ಓಡಿಬಂದು ನಿಂತುಕೊಂಡೇ ಎರಡು ಗುಟುಕು ಕುಡಿದು, ಬಾಯಿ ಒರೆಸಿಕೊಂಡು ಮತ್ತೆ ಆಟಕ್ಕೆ ಓಡುತ್ತಿತ್ತು. ನಾನೇ ಐದು ವರ್ಷ ಕುಡಿದವಳು. ಯಾರಾದರೂ ಕೇಳಿದರೆ ಅವ್ವ, "ಕಡೀ ಹುಟ್ಟು, ಕುಡೀಲಿ ಬಿಡ್ರಿ" ಎನ್ನುತ್ತಿದ್ದಳಂತೆ.

ಗಂಡನ ಮನೆ ಕಲಬುರಗಿಯ ಗಾಜಿಪುರ. ಸುತ್ತ ಎಲ್ಲ ನೌಕರಿಯವರ ಮನೆಗಳು. ಒಂದು ಶುಕ್ರವಾರ ಅರಿಶಿನ ಕುಂಕುಮಕ್ಕೆ ನಾಲ್ಕು ಮಂದಿ ಹೆಂಗಸರು ಬಂದಿದ್ದರು. ಅಂಗಳದಿಂದ ಓಡಿಬಂದ ಮಗಳು ಎಲ್ಲರೆದುರಿಗೇ ನನ್ನ ಸೆರಗು ಎಳೆದಳು.

"ಅಯ್ಯ, ಇಷ್ಟ್ ದೊಡ್ಡಾಕಿ ಇನ್ನಾ ಕುಡೀತಾಳೇನ್ರಿ?" ಎಂದಳು ಮಗ್ಗುಲ ಮನೆಯಾಕೆ. "ನಾಳೆ ಸಾಲಿಗೂ ಹೋಗಿ ಕುಡಿಸಿ ಬರ್ತೀರೇನು?"

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ, ಹೇಡಿ! ಮಗಳ ಕೈ ಕಿತ್ತು ತಳ್ಳಿದೆ. ಅವರು ಹೋದ ಮೇಲೆ ಅತ್ತೆ ಹೇಳಿದ್ದು ಇಷ್ಟೇ: "ಬಿಡಿಸಿಬಿಡವ್ವ. ಬೇವಿನ ರಸ ಹಚ್ಚು, ಕಹಿಗೆ ತಾನೇ ಬಿಡ್ತಾಳ."

ಹಾಲು ಬಿಡಿಸಲು ಎಲ್ಲರೂ ಬೇವು ಹಚ್ಚುತ್ತಾರೆ. ನನ್ನ ಶಾಣ್ಯಾತನಕ್ಕೆ ಅದು ಸಾಲಲಿಲ್ಲ. ಮರುದಿನ ಮುಂಜಾನೆ ಬೇವಿನ ರಸಕ್ಕೆ ಕುಂಕುಮ ಕಲಸಿ ರಕ್ತದ ಹಾಗೆ ಎದೆಗೆ ಬಳಿದುಕೊಂಡೆ. ಮಗಳು ಬಂದಾಗ ತೋರಿಸಿದೆ.

"ನೋಡು, ನಾಯಿ ಕಚ್ಚ್ಯಾದ."

ಅತ್ತು ರಂಪ ಮಾಡುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಅಡುಗೆಮನೆಗೆ ಹೋಗಿ, ಡಬ್ಬಿಯಿಂದ ಮುಷ್ಟಿ ತುಂಬ ಅರಿಶಿನ ತಂದಳು, ದಾರಿಯುದ್ದಕ್ಕೂ ಚೆಲ್ಲುತ್ತ.

"ಹಚ್ಚಲೇನವ್ವ? ಭಾಳ ಉರೀತದೇನು?"

ಹತ್ತಿರ ಮುಖ ತಂದು ಉಫ್ ಉಫ್ ಎಂದು ಊದಿದಳು. ಆಮೇಲೆ ಊದುವುದು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಆ ಕ್ಷಣವೇ ತೊಳೆದುಕೊಂಡು ಅವಳನ್ನು ಅಪ್ಪಿಕೊಳ್ಳಬೇಕಿತ್ತು. ಅಪ್ಪಿಕೊಳ್ಳಲಿಲ್ಲ. ಸೆರಗು ಮುಚ್ಚಿಕೊಂಡು ಕಸ ಹೊಡೆಯಲು ಹೋದೆ.

ಆಮೇಲೆ ಅವಳು ಒಮ್ಮೆಯೂ ಕೇಳಲಿಲ್ಲ. ತೊಡೆಯ ಮೇಲೂ ಕೂಡಲಿಲ್ಲ. ನನಗೆ ನೋವಾಗುತ್ತದೆಂದು ದೂರ ಇದ್ದಾಳೆ ಎಂದುಕೊಂಡೆ. ಹಾಲು ಕಟ್ಟಿ ಎದೆ ಬಿಗಿದು ನನಗೆ ಮೂರು ದಿನ ಜ್ವರ ಬಂತು. ಓಣಿಯವರೆಲ್ಲ, "ಭಾರಿ ಲಗೂ ಬಿಟ್ಲಲ್ರಿ, ಶಾಣೇ ಹುಡುಗಿ" ಎಂದು ಹೊಗಳಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅದೇ ಮಗಳು ತನ್ನ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಹುಡುಗನಿಗೆ ಮೂರು ವರ್ಷ. ಪಡಸಾಲೆಯಲ್ಲಿ ಕೂತು ಹಾಲು ಕುಡಿಸುತ್ತಿದ್ದಳು. ಹೊರಗೆ ಯಾರೋ ಚಪ್ಪಲಿ ಬಿಡುವ ಸಪ್ಪಳ.

"ಲಗೂ ಒಳಗ ಹೋಗು, ಮಂದಿ ಬರಾಕತ್ತಾರ" ಎಂದೆ. "ಇಷ್ಟ್ ದೊಡ್ಡಾಂವಗ ಕುಡಿಸೋದು ನೋಡಿದ್ರ ನಗ್ತಾರ."

ಅವಳು ಏಳಲಿಲ್ಲ. ಮಗನ ತಲೆ ಸವರುತ್ತಲೇ ಕೇಳಿದಳು.

"ಯಾಕವ್ವ, ಇವಂಗೂ ನಾಯಿ ಕಚ್ಚ್ಯಾದಂತ ಹೇಳ್ಲೇನು?"

ನಾನು ತಿರುಗಿ ಅವಳ ಮುಖ ನೋಡಿದೆ.

"ಅವತ್ತು ಊದುವಾಗ ಕುಂಕುಮದ ವಾಸನಿ ಬಂತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ನಿನಗ ಬ್ಯಾಡಾದೆ ಅಂದ್ಕೊಂಡೆ. ಅದಕ್ಕ ಕೇಳೋದು ಬಿಟ್ಟೆ."

ಹೊರಗಿನವರು ಬಾಗಿಲು ಬಡಿಯುತ್ತಿದ್ದರು. ನನಗೆ ಎದ್ದು ಹೋಗಲಾಗಲಿಲ್ಲ.